ತಾತನ ರೇಡಿಯಂ ವಾಚ್: ಕಟ್ಟಿಕೊಳ್ಳಿ, ಆದರೆ ಮುಚ್ಚಳ ಬಿಚ್ಚಬೇಡಿ

ನಿಮ್ಮ ತಾತನದು 1940ರ ಸುಮಾರಿನ ಸ್ವಿಸ್ ವಾಚ್. ಅಂಕಿ, ಮುಳ್ಳುಗಳ ಮೇಲೆ ಕಂದು ಬಣ್ಣದ ಲೇಪ ಇದೆ, ಕತ್ತಲಲ್ಲಿ ಈಗ ಒಂಚೂರೂ ಹೊಳೆಯಲ್ಲ. "ಹೊಳಪು ಹೋಯ್ತು ಅಂದ್ರೆ ರೇಡಿಯಂ ಕೂಡ ಸತ್ತಿರಬೇಕಲ್ವಾ? ದಿನಾ ಕಟ್ಟಿಕೊಳ್ಳಬಹುದಾ?" ಅಂತ ಕೇಳಿದ್ದೀರಿ. ಹಳೆ ವಾಚು ಕೂಡಿಡುವ ಹುಚ್ಚು ನನಗೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ರೇಡಿಯಂ ಅಂದರೆ ತಾನಾಗಿಯೇ ವಿಕಿರಣ ಸೂಸುವ ಒಂದು ಲೋಹ, ಅದು ಸತ್ತಿಲ್ಲ. ಸತ್ತಿರುವುದು ಅದರ ಜೊತೆ ಬೆರೆಸಿದ್ದ ಝಿಂಕ್ ಸಲ್ಫೈಡ್. ಆ ಬಣ್ಣದಲ್ಲಿ ರೇಡಿಯಂ ಇರುವುದು ಚೂರೇ ಚೂರು, ಉಳಿದದ್ದು ಈ ಪುಡಿ. ರೇಡಿಯಂನಿಂದ ಸಿಡಿಯುವ ಆಲ್ಫಾ ಕಣಗಳು ತಾಗಿದಾಗ ಬೆಳಗುವುದು ಝಿಂಕ್ ಸಲ್ಫೈಡ್. ವರ್ಷಗಟ್ಟಲೆ ಈ ಹೊಡೆತ ತಿಂದು ಅದು ಕೆಟ್ಟುಹೋಗುತ್ತದೆ. ರೇಡಿಯಂ-226 ಅರ್ಧ ಆಗೋಕೆ ಬೇಕಾದದ್ದು ಸುಮಾರು 1,600 ವರ್ಷ. ಅಂದರೆ ನಿಮ್ಮ ತಾತ ಕೊಂಡಾಗ ಇದ್ದದ್ದರಲ್ಲಿ ಇಷ್ಟು ಹೊತ್ತಿಗೆ ನೂರಕ್ಕೆ ಮೂರು ನಾಲ್ಕು ಭಾಗ ಕಳೆದಿರಬಹುದು, ಅಷ್ಟೇ. ಹೊಳಪು ನೋಡಿ ಏನನ್ನೂ ತೀರ್ಮಾನಿಸಬೇಡಿ.

ಹಾಗಾದರೆ ಕಟ್ಟಿಕೊಳ್ಳಬಹುದಾ? ಗಾಜು ಬಿರುಕಿಲ್ಲದೆ ಗಟ್ಟಿಯಾಗಿದ್ದರೆ, ಹಬ್ಬಕ್ಕೋ ಮದುವೆಗೋ ಧಾರಾಳವಾಗಿ ಕಟ್ಟಿಕೊಳ್ಳಿ. ಆಲ್ಫಾ ಕಣಗಳು ಗಾಜನ್ನೇ ದಾಟುವುದಿಲ್ಲ. ರೇಡಿಯಂ ಲೇಪದ ಇನ್ನೊಂದು ಬಗೆಯ ವಿಕಿರಣ, ಗಾಮಾ ಕಿರಣ, ಸ್ವಲ್ಪ ಹೊರಗೆ ಬರುತ್ತದೆ, ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದರೆ ಟಿಕ್ ಟಿಕ್ ಅನ್ನುವುದು ಅದಕ್ಕೇ. ಒಂದು ವಾಚಿನಿಂದ ಬರುವುದು ಕಡಿಮೆಯೇ. ಆದರೂ ದಿನವಿಡೀ ಕೈಯಲ್ಲಿ, ರಾತ್ರಿ ದಿಂಬಿನ ಕೆಳಗೆ, ಇದೆಲ್ಲ ಯಾಕೆ? ನಾನಂತೂ ಇಡುವುದಿಲ್ಲ.

ನಿಜವಾದ ಅಪಾಯ ಇರುವುದು ಆ ಲೇಪ ಪುಡಿಯಾಗಿ ಮೈಯೊಳಗೆ ಹೋದರೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನ ಹುಡುಗಿಯರು. ಮೊದಲ ಮಹಾಯುದ್ಧದ ಹೊತ್ತಿಗೆ ಸೈನಿಕರ ವಾಚುಗಳಿಗೆ ಬೇಡಿಕೆ ಬಂತು. ಡಯಲ್‌ಗೆ ರೇಡಿಯಂ ಬಣ್ಣ ಬಳಿಯೋಕೆ ಅಲ್ಲಿನ ಕಂಪನಿಯವರು ಹದಿಹರೆಯದವರನ್ನು ಸೇರಿಸಿಕೊಂಡರು. ಸಣ್ಣ ಅಂಕಿ ಬರೆಯೋಕೆ ಕುಂಚದ ತುದಿ ಚೂಪಾಗಬೇಕಲ್ಲ, ತುಟಿಗಿಟ್ಟು ಚೂಪು ಮಾಡಿ ಅಂತ ಹೇಳಿಕೊಟ್ಟರು. ಏನೂ ಆಗಲ್ಲ ಅಂತ ಭರವಸೆ ಬೇರೆ. ಅದೇ ಕಂಪನಿಯ ವಿಜ್ಞಾನಿಗಳು ಮಾತ್ರ ರೇಡಿಯಂ ಮುಟ್ಟುವಾಗ ಸೀಸದ ತಡೆ ಇಟ್ಟುಕೊಳ್ಳುತ್ತಿದ್ದರು! ಹುಡುಗಿಯರು ತಮಾಷೆಗೆ ಉಗುರಿಗೂ ಹಲ್ಲಿಗೂ ಬಳಿದುಕೊಂಡು ಮನೆಗೆ ಹೋಗುತ್ತಿದ್ದರಂತೆ.

ರೇಡಿಯಂ ಸ್ವಭಾವದಲ್ಲಿ ಕ್ಯಾಲ್ಸಿಯಂ ತರಹ. ನುಂಗಿದ್ದರಲ್ಲಿ ಒಂದು ಪಾಲು ಮೂಳೆಯಲ್ಲಿ ಹೋಗಿ ಕೂರುತ್ತದೆ, ಕೂತಲ್ಲಿಂದಲೇ ಸುಡುತ್ತದೆ. ಆ ಹುಡುಗಿಯರ ಹಲ್ಲು ಉದುರಿದವು, ದವಡೆ ಕೊಳೆಯಿತು, ಮೂಳೆ ಮುರಿಯಿತು. ಅವರಲ್ಲೊಬ್ಬಳಾದ ಗ್ರೇಸ್ ಫ್ರಯರ್ ವಕೀಲರಿಗಾಗಿ ಅಲೆದೂ ಅಲೆದೂ 1927ರಲ್ಲಿ ಕಂಪನಿಯ ಮೇಲೆ ಕೇಸು ಹಾಕಿದಳು, ಜೊತೆಗೆ ಇನ್ನೂ ನಾಲ್ವರು. 1928ರಲ್ಲಿ ರಾಜಿಯಾಯಿತು. ತಲಾ 10,000 ಡಾಲರ್, ವರ್ಷಕ್ಕೆ 600 ಡಾಲರ್ ಜೀವನಾಂಶ. ಗ್ರೇಸ್ 1933ರಲ್ಲಿ ತೀರಿಕೊಂಡಳು. ಆ ಬಣ್ಣ ಕಂಡುಹಿಡಿದ ಸಬಿನ್ ವಾನ್ ಸೋಚೋಕಿ ಕೂಡ 1928ರಲ್ಲಿ ಅದೇ ರೇಡಿಯಂಗೆ ಬಲಿಯಾದ.

ಅದಕ್ಕೇ ಹೇಳುವುದು, ಹಿಂದಿನ ಮುಚ್ಚಳ ನೀವೇ ಬಿಚ್ಚಬೇಡಿ. ರಿಪೇರಿಗೆ ಕೊಡುವಾಗ ರೇಡಿಯಂ ಡಯಲ್ ಅಂತ ಬಾಯಿಬಿಟ್ಟು ಹೇಳಿ. ಹಳೆಯ ಲೇಪ ಒಣಗಿ ಉದುರುತ್ತಿರುತ್ತದೆ, ಕೆಲವರಿಗೆ ಧೂಳು ಕಂಡರೆ ಫೂ ಅಂತ ಊದುವ ಅಭ್ಯಾಸ. ಡಯಲ್ ಉಜ್ಜಿ ಹೊಸದಾಗಿ ಲೇಪ ಬಳಿದುಕೊಡುತ್ತೇವೆ ಅಂದರೆ ಖಂಡಿತ ಬೇಡ ಅನ್ನಿ.

ನಿಜಕ್ಕೂ ರೇಡಿಯಮ್ಮೇನಾ ಅನ್ನುವುದು ಬೇರೆ ಪ್ರಶ್ನೆ. ಅಂಗಡಿಯವರ ಮಾತು ನಂಬಬೇಡಿ, ನಮ್ಮಲ್ಲಿ ಬೈಕಿನ ಹೊಳೆಯುವ ಸ್ಟಿಕ್ಕರಿಗೂ ರೇಡಿಯಂ ಅಂತಾರೆ! ಡಯಲ್‌ನಲ್ಲಿ 6ರ ಕೆಳಗೆ ನೋಡಿ. ಸ್ವಿಸ್ ಅನ್ನುವುದರ ಅಕ್ಕಪಕ್ಕ ಇಂಗ್ಲಿಷ್ ಟಿ ಅಕ್ಷರ ಇದ್ದರೆ ಅದು ಟ್ರಿಟಿಯಂ ಅನ್ನುವ ಇನ್ನೊಂದು ವಿಕಿರಣ ವಸ್ತು. 1960ರ ದಶಕದಿಂದ ರೇಡಿಯಂ ಜಾಗಕ್ಕೆ ಬಂದದ್ದು ಅದು. ಸುಮಾರು 12 ವರ್ಷಕ್ಕೊಮ್ಮೆ ಅರ್ಧ ಆಗುತ್ತದೆ, ಕಿರಣ ಗಾಜನ್ನೂ ದಾಟುವುದಿಲ್ಲ, ಚಿಂತೆ ಕಡಿಮೆ. ಈಗಿನ ವಾಚುಗಳಲ್ಲಿ ಸಾಮಾನ್ಯವಾಗಿ ಬೆಳಕು ಹೀರಿ ಬೆಳಗುವ ಲೇಪ ಇರುತ್ತದೆ, ವಿಕಿರಣವೇ ಇಲ್ಲ. ನಿಮ್ಮದು 1940ರದ್ದು, ಅದೂ ಕಂದು ಲೇಪ ಅಂದಮೇಲೆ ರೇಡಿಯಂ ಅಂತಲೇ ಇಟ್ಟುಕೊಳ್ಳಿ. ಮುಳ್ಳು ಬಹಳ ಕಾಲ ನಿಂತಿದ್ದ ಜಾಗದಲ್ಲಿ ಡಯಲ್ ಮೇಲೆ ಸುಟ್ಟಂಥ ನೆರಳು ಕಂಡರೆ ಅನುಮಾನವೇ ಬೇಡ.

ಇಡುವ ಜಾಗದ ಬಗ್ಗೆ ಒಂದು ಮಾತು. ರೇಡಿಯಂ ಕ್ಷಯಿಸುತ್ತಾ ರೇಡಾನ್ ಅನ್ನುವ, ವಿಕಿರಣ ಸೂಸುವ ಅನಿಲ ಬಿಡುತ್ತದೆ, ಹಳೆ ವಾಚುಗಳು ಅದನ್ನು ಪೂರ್ತಿ ಹಿಡಿದಿಡುವುದಿಲ್ಲ. ಒಂದೇ ವಾಚಿಗೆ ಇದು ದೊಡ್ಡ ವಿಷಯ ಅಲ್ಲ. ಆದರೆ ನನ್ನ ಹಾಗೆ ಕೂಡಿಡುವ ಚಟ ಹತ್ತಿದರೆ, ಮಲಗುವ ಕೋಣೆಯ ಬೀರುವಿನಲ್ಲಿ ಇಡಬೇಡಿ, ಗಾಳಿಯಾಡುವ ಕಡೆ ಇಡಿ.

ಅಕಸ್ಮಾತ್ ಗಾಜು ಒಡೆದರೆ ಕಸಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಪುಡಿ ಗಾಳಿಗೆ ಏಳುತ್ತದೆ. ಕೈಗವಸು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ವಾಚು, ಬಟ್ಟೆ, ಚೂರುಗಳನ್ನೆಲ್ಲ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮೇಲೆ ರೇಡಿಯಂ ಅಂತ ಬರೆದು, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಆಮೇಲೆ ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆಯಿರಿ.