ಸಂಪಾದಕರ ಉತ್ತರ: ದಿರ್ಹಾಮನ್ನ ರೂಪಾಯಿಗೆ ಗುಣಿಸಿದ್ರೆ ಸಾಕಾ?

ಹೊನ್ನಾವರದ ಮಾಸ್ತರ್ರಿಗೆ ನಮಸ್ಕಾರ.

ಕಳೆದ ಸಂಚಿಕೇಲಿ ಬಂದ ಲಿವಿಂಗ್ ವೇಜ್, ಅಂದ್ರೆ ಜೀವನ ವೇತನದ ಲೇಖನ ಓದಿ ನೀವು ಬರೆದ ಪತ್ರ ಸಿಕ್ತು. ಕನಿಷ್ಠ ವೇತನ ಅಂತ ಒಂದು ಇದ್ದೇ ಇದೆಯಲ್ಲ, ಮತ್ತೆ ಈ ಜೀವನ ವೇತನ ಎಂತಕ್ಕೆ, ದುಬೈನಲ್ಲಿರೋ ನಿಮ್ಮ ತಂಗಿ ಮಗನಿಗೆ 2000 ದಿರ್ಹಾಮ್ ಸಂಬಳ, ನಮ್ಮ ದುಡ್ಡಲ್ಲಿ 45 ಸಾವಿರದ ಮೇಲೆ, ಇಲ್ಲಿ ಅದೇ ಕೆಲಸಕ್ಕೆ 15 ಸಾವಿರ ಕೊಡೋರಿಲ್ಲ, ಹಂಗಾದ್ರೆ ಅವನಿಗೆ ಜೀವನ ವೇತನ ಸಿಕ್ತಾ ಇದೆ ಅಂತ ಲೆಕ್ಕವಾ, ಇದು ನಿಮ್ಮ ಪ್ರಶ್ನೆ.

ಮೊದಲನೇದು ಬೇಗ ಮುಗಿಸ್ತೇನೆ. ಕನಿಷ್ಠ ವೇತನ ಕಾನೂನಿನ ರೇಟು. ಜೀವನ ವೇತನ ಅಂದ್ರೆ ಒಂದು ಸಂಸಾರ ಮರ್ಯಾದೆಯಿಂದ ಬದುಕೋಕೆ ಎಷ್ಟು ಬೇಕು ಅನ್ನೋ ಲೆಕ್ಕ, ಸಂವಿಧಾನದ 43ನೇ ವಿಧಿಯಲ್ಲೇ ಅದರ ಮಾತಿದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಾನೇ ಅಗತ್ಯ ನೋಡಿ ಕಟ್ಟಬೇಕು ಅಂದಿತ್ತು, ಒಬ್ಬ ದೊಡ್ಡವನಿಗೆ ದಿನಕ್ಕೆ 2700 ಕ್ಯಾಲೊರಿ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ ಹೀಗೆ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೂ ಕನಿಷ್ಠ ವೇತನದಲ್ಲಿ ಶೇ. 25 ಇರಬೇಕು ಅಂತು. 2019ರ ತಜ್ಞರ ಸಮಿತಿ ಕ್ಯಾಲೊರೀನ 2400ಕ್ಕೆ ಇಳಿಸಿ ಅಂತು, ಆದ್ರೆ ಸಂಸಾರದ ಅಳತೇನ 3 ಯೂನಿಟ್ಟಿಂದ (ಒಬ್ಬ ದೊಡ್ಡವನ ಬಳಕೆ ಅಂದ್ರೆ ಒಂದು ಯೂನಿಟ್ಟು) 3.6ಕ್ಕೆ ಏರಿಸಿ ಅಂತು. ಇದನ್ನೆಲ್ಲ ವಿಜ್ಞಾನ ಅಂತಾರೆ, ನನ್ನ ಕೇಳಿದ್ರೆ ಅರ್ಧ ರಾಜಕೀಯ.

ಈಗ ಲೆಕ್ಕ ಹಾಕೋ ಕ್ರಮಕ್ಕೆ ಬರೋಣ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರೋದು ರಿಚರ್ಡ್ ಆಂಕರ್, ಮಾರ್ಥಾ ಆಂಕರ್ ದಂಪತಿಯ ವಿಧಾನ. ಪೌಷ್ಟಿಕ ಊಟದ ಪಟ್ಟಿ ಮಾಡಿ ಅದನ್ನ ಆ ಊರಿನ ಕೂಲಿಯವರು ಕೊಳ್ಳೋ ಅಂಗಡೀಲೇ ರೇಟು ಕೇಳಿ ಕಟ್ಟೋದು, ಸೋರದ, ಗಾಳಿ ಬೆಳಕಿರೋ ಮನೆಯ ಬಾಡಿಗೆ ಸೇರಿಸೋದು, ಉಳಿದ ಖರ್ಚನ್ನ ಕುಟುಂಬ ವೆಚ್ಚದ ಸರ್ವೆಯಿಂದ ತೆಗೆಯೋದು, ಆಪತ್ತಿಗೆ ಅಂತ ಮೇಲಿಂದ ಸ್ವಲ್ಪ ಹಾಕೋದು. ಕೇಳೋಕೆ ಸಲೀಸು. ಆದ್ರೆ ಕಾರವಾರದ ಮಾರ್ಕೆಟ್ಟಲ್ಲಿ ನಿಂತು ನೋಡಿ, ಪಟ್ಟೀಲಿ "ಮೀನು" ಅಂತಿದ್ರೆ ಯಾವ ಮೀನು? ಇಸ್ವಾಣ ಹಾಕಿದ್ರೆ ಲೆಕ್ಕ ಆಕಾಶಕ್ಕೆ ಹೋಗ್ತದೆ, ತಾರ್ಲೆ, ಬಾಂಗಡೆ ಹಾಕ್ಬೇಕು. ಯಾವ ತಿಂಗಳ ರೇಟು? ಜೂನ್ ಜುಲೈನಲ್ಲಿ ಯಾಂತ್ರಿಕ ಬೋಟು ಇಳಿಯೋ ಹಂಗಿಲ್ಲ, ಆಗಿನ ಬಾಂಗಡೆ ರೇಟು ಹಿಡಿದ್ರೆ ಒಂದು ಲೆಕ್ಕ, ಸೀಸನ್ನಿನ ರೇಟು ಹಿಡಿದ್ರೆ ಇನ್ನೊಂದು. ಸಿರ್ಸಿ ಕಡೆ ಅಡಿಕೆ ಕೊನೆ ಕೊಯ್ಯೋರ ದಿನಗೂಲಿ ನೋಡಿ ಅಬ್ಬಾ ಅಂತೇವೆ, ಕೆಲಸ ವರ್ಷದಲ್ಲಿ ಎಷ್ಟು ದಿನ ಅಂತ ಯಾರೂ ಕೇಳೂದಿಲ್ಲ.

ಇನ್ನೊಂದು ವಿಷ್ಯ ಎಲ್ರೂ ಮರೀತಾರೆ. ಸಂಸಾರದ ಒಟ್ಟು ಖರ್ಚನ್ನ ಒಬ್ಬನ ಸಂಬಳದ ಮೇಲೇ ಹೊರಿಸೂದಿಲ್ಲ, ಆ ಊರಲ್ಲಿ ಗಂಡ ಹೆಂಡ್ತಿ ಇಬ್ಬರಲ್ಲಿ ಸರಾಸರಿ ಎಷ್ಟು ಜನ ದುಡೀತಾರೋ ಅದರಿಂದ ಭಾಗಿಸ್ತಾರೆ, ಒಂದೂವರೆ ಅಂತಲೂ ಬರ್ತದೆ. ಹೆಂಗಸರಿಗೆ ಕೆಲಸ ಸಿಗದ ಊರಲ್ಲಿ ಗಂಡಸಿನ ಜೀವನ ವೇತನ ತಾನಾಗೇ ಮೇಲೆ ಹೋಗ್ತದೆ.

ದೇಶ ದೇಶ ಹೋಲಿಸೋಕೆ ಬ್ಯಾಂಕಿನ ಎಕ್ಸ್‌ಚೇಂಜ್ ರೇಟು ಯಾಕೆ ಆಗೂದಿಲ್ಲ ಅಂದ್ರೆ, 2017ರಲ್ಲಿ ಡಾಲರಿಗೆ 65 ರೂಪಾಯಿ ಇತ್ತು, ಆದ್ರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗೋದು ಇಲ್ಲಿ ಸರಾಸರಿ 20.65 ರೂಪಾಯಿಗೇ ಸಿಗ್ತಿತ್ತು, ವಿಶ್ವಬ್ಯಾಂಕ್ ಮುಂದೆ ನಿಂತು ಮಾಡೋ ಬೆಲೆ ಹೋಲಿಕೆಯ ಲೆಕ್ಕ ಇದು, ಪಿಪಿಪಿ (ಕೊಳ್ಳುವ ಶಕ್ತಿಯ ಸಮತೆ) ಅಂತಾರೆ. ಹಂಗಂತ ಪಿಪಿಪಿನೂ ಪೂರ್ತಿ ಉತ್ತರ ಅಲ್ಲ. ಅದು ಬೆಲೆ ಹೇಳ್ತದೆ, ಅಗತ್ಯ ಹೇಳೂದಿಲ್ಲ. ಅಮೆರಿಕದ ಎಷ್ಟೋ ಊರಲ್ಲಿ ಕಾರಿಲ್ಲದೆ ಕೆಲಸಕ್ಕೇ ಹೋಗೋಕಾಗೂದಿಲ್ಲ, ಅಲ್ಲಿ ಕಾರು ಶೋಕಿ ಅಲ್ಲ.

ಏಷ್ಯಾ ಫ್ಲೋರ್ ವೇಜ್ ಅನ್ನೋ ಗಾರ್ಮೆಂಟ್ ಕಾರ್ಮಿಕರ ಒಕ್ಕೂಟ ಬೇರೆ ದಾರಿ ಹಿಡೀತು. ಎಲ್ಲ ದೇಶಕ್ಕೂ ಒಂದೇ 3000 ಕ್ಯಾಲೊರಿ, ಒಂದೇ ಸಂಸಾರದ ಅಳತೆ, ಪಿಪಿಪಿ ಡಾಲರಲ್ಲಿ ಒಂದೇ ಅಂಕಿ. ಒರಟು ಲೆಕ್ಕ ಹೌದು. ಆದ್ರೆ ಇಲ್ಲಿ ಕೂಲಿ ಕೇಳಿದ್ರೆ ಬಾಂಗ್ಲಾಕ್ಕೆ ಹೋಗ್ತೇವೆ ಅನ್ನೋ ಕಂಪನಿಗಳ ಎದುರು ಕೂತು ಮಾತಾಡೋಕೆ ನನಗೆ ಇದೇ ಸರಿ ಕಾಣ್ತದೆ, ಊರಿನ ನಿಜ ಸ್ಥಿತಿ ತಿಳಿಯೋಕೆ ಆಂಕರ್ ಲೆಕ್ಕವೇ ವಾಸಿ.

ನಿಮ್ಮ ತಂಗಿ ಮಗ ಮಾತ್ರ ಈ ಎರಡರಲ್ಲೂ ಸರಿಯಾಗಿ ಕೂರೂದಿಲ್ಲ. ಸಂಸಾರ ದುಬೈನಲ್ಲೇ ಇದೆ ಅಂತ ಹಿಡಿದ್ರೆ 2000 ದಿರ್ಹಾಮಲ್ಲಿ ಮನೆ ಬಾಡಿಗೆಗೇ ಪರದಾಟ, ಸಂಸಾರ ಹೊನ್ನಾವರದಲ್ಲಿದೆ ಅಂತ ಹಿಡಿದ್ರೆ ಚಲೋ ಸಂಬಳ, ಯಾಕಂದ್ರೆ ಅವನ ಮಂಚ ಒಂದು ದೇಶದಲ್ಲಿ, ಮಕ್ಕಳ ಶಾಲೆ ಇನ್ನೊಂದು ದೇಶದಲ್ಲಿ. ಹೆಂಡ್ತಿ ಮಕ್ಕಳನ್ನ ಬಿಟ್ಟಿರೋದಕ್ಕೆ ಯಾವ ವಿಧಾನದಲ್ಲೂ ಕಾಲಂ ಇಲ್ಲ. ಒಂದು ಕೆಲಸ ಮಾಡಿ ಮಾಸ್ತರ್ರೆ, ಆ 2000ದಲ್ಲಿ ಓವರ್‌ಟೈಮ್ ಎಷ್ಟು ಅಂತ ಅವನ ಹತ್ರ ಕೇಳಿ, ಜೀವನ ವೇತನದಲ್ಲಿ ಓಟಿ ದುಡ್ಡು ಲೆಕ್ಕಕ್ಕಿಲ್ಲ, ಮಾಮೂಲಿ ಡ್ಯೂಟಿಗೆ ಸಿಗೋದಷ್ಟೇ. ರೂಮು, ಊಟ ಕಂಪನಿಯದ್ದೋ ಸ್ವಂತದ್ದೋ, ಏಜೆಂಟನಿಗೆ ಕೊಡೋಕೆ ಮಾಡಿದ ಸಾಲ ಇನ್ನೂ ಎಷ್ಟಿದೆ, ಅದನ್ನೂ ಬರೆದು ಕಳ್ಸಿ, ಹೆಸರು ಹಾಕದೆ ಮುಂದಿನ ಸಂಚಿಕೇಲಿ ಪೂರ್ತಿ ಲೆಕ್ಕ ಬಿಡಿಸಿ ಕೊಡ್ತೇವೆ.

— ಸಂ.