ಓದುಗರ ಪ್ರಶ್ನೆ: ಭಾಷಾ ಅಲ್ಪಸಂಖ್ಯಾತರ ಸೀಟು ಸಿಕ್ಕಿತು, ಶುಲ್ಕಕ್ಕೆ ನೆರವು ಎಲ್ಲಿಂದ?

ಪ್ರಶ್ನೆ: ನಾವು ಕಾರ್ಕಳ ಕಡೆಯ ಜೈನರು, 30 ವರ್ಷಗಳಿಂದ ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ಮಗಳಿಗೆ ಕನ್ನಡ ಭಾಷಾ ಅಲ್ಪಸಂಖ್ಯಾತರ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಅಲ್ಪಸಂಖ್ಯಾತರೆಂದು ಸೀಟು ಸಿಕ್ಕ ಮೇಲೆ ವಿದ್ಯಾರ್ಥಿವೇತನವೂ ತಾನಾಗಿ ಬರುತ್ತದೆ ಎಂದು ಪರಿಚಿತರು ಹೇಳುತ್ತಾರೆ. ಇದು ನಿಜವೇ? ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕರ್ನಾಟಕ ಸರಕಾರ ಕೊಡುವ ‘ಅರಿವು’ ಶಿಕ್ಷಣ ಸಾಲ ನಮಗೆ ದೊರೆಯಬಹುದೇ? ನಮ್ಮ ವಾರ್ಷಿಕ ಆದಾಯ ಐದು ಲಕ್ಷದೊಳಗಿದೆ.
(ಓರ್ವ ತಂದೆ, ಡೊಂಬಿವಲಿ)

ಉತ್ತರ: ತಾನಾಗಿ ಬರುವುದಿಲ್ಲ. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಪ್ರತಿವರ್ಷ ಈ ತಪ್ಪು ತಿಳಿವಳಿಕೆಯಿಂದಲೇ ಅರ್ಜಿಯ ಗಡುವು ಮೀರಿಹೋಗುತ್ತದೆ. ಕನ್ನಡಿಗರು ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತರಾಗಿರುವುದರಿಂದ ಕನ್ನಡಿಗರ ಸಂಸ್ಥೆಗಳು ನಡೆಸುವ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಸೀಟು ಮೀಸಲಿರುತ್ತದೆ. ಆದರೆ ಸರಕಾರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಗಳು ಧರ್ಮವನ್ನು ಆಧರಿಸಿವೆ, ಭಾಷೆಯನ್ನಲ್ಲ. ಜೈನರನ್ನು ಕೇಂದ್ರ ಸರಕಾರ 2014ರ ಜನವರಿಯಲ್ಲಿ ಅಲ್ಪಸಂಖ್ಯಾತರ ಪಟ್ಟಿಗೆ ಸೇರಿಸಿದೆ. ಆದ್ದರಿಂದ ನಿಮ್ಮ ಮಗಳಿಗೆ ಸೀಟು ಕನ್ನಡದ ಆಧಾರದ ಮೇಲೆ ಸಿಕ್ಕಿದ್ದರೆ, ನೆರವನ್ನು ಜೈನಳೆಂಬ ಆಧಾರದ ಮೇಲೆ ಕೇಳಬೇಕು.

ಮೊದಲು ಶಾಲೆ ಬಿಟ್ಟ ದಾಖಲೆಯನ್ನು ತೆಗೆದು ನೋಡಿ. ಅದರಲ್ಲಿ ಮಾತೃಭಾಷೆಗೆ ಒಂದು ಅಂಕಣ, ಧರ್ಮ ಮತ್ತು ಜಾತಿಗೆ ಇನ್ನೊಂದು ಅಂಕಣ ಇರುತ್ತದೆ. ಕೋಟಾದ ಸೀಟಿಗೆ ಬೇಕಾದದ್ದು ಮೊದಲನೆಯದು, ವಿದ್ಯಾರ್ಥಿವೇತನಕ್ಕೆ ಬೇಕಾದದ್ದು ಎರಡನೆಯದು. ಎಷ್ಟೋ ಜೈನ ಮಕ್ಕಳ ದಾಖಲೆಯಲ್ಲಿ ‘ಹಿಂದೂ ಜೈನ’ ಎಂದು ಬರೆದಿರುತ್ತದೆ ಮತ್ತು ಪರಿಶೀಲನೆಯ ಹಂತದಲ್ಲಿ ಅದೇ ತಕರಾರಿಗೆ ಕಾರಣವಾಗುತ್ತದೆ. ಶಾಲೆ ಬಿಟ್ಟ ಮೇಲೆ ಇದನ್ನು ತಿದ್ದಿಸುವುದು ಬಹಳ ಕಷ್ಟ. ಮನೆಯಲ್ಲಿ ಇನ್ನೂ ಶಾಲೆಗೆ ಹೋಗುತ್ತಿರುವ ಮಕ್ಕಳಿದ್ದರೆ ಅವರ ದಾಖಲೆಯನ್ನು ಈಗಲೇ ಮುಖ್ಯೋಪಾಧ್ಯಾಯರ ಬಳಿ ಸರಿಪಡಿಸಿಕೊಳ್ಳಿರಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ರಾಜ್ಯದ ಯೋಜನೆಗಳಿಗೆ ಮಹಾರಾಷ್ಟ್ರ ಸರಕಾರದ ಆನ್‌ಲೈನ್ ತಾಣವಾದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಅಲ್ಲಿ ನಿಮಗೆ ಎರಡು ದಾರಿಗಳಿವೆ. ಒಂದು, ಉನ್ನತ ಮತ್ತು ವೃತ್ತಿಪರ ಶಿಕ್ಷಣ ಪಡೆಯುವ ಧಾರ್ಮಿಕ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ. ಇದರಲ್ಲಿ ಒಂದು ವರ್ಷಕ್ಕೆ ಸಿಗುವ ಹಣಕ್ಕೆ ಗರಿಷ್ಠ ಮಿತಿಯಿದೆ. ಇನ್ನೊಂದು, ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆ. ಇದರಲ್ಲಿ ಆದಾಯ 8 ಲಕ್ಷದೊಳಗಿರುವ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕದ ಅರ್ಧ ಭಾಗ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲವಾದ್ದರಿಂದ ಅರ್ಜಿ ತುಂಬುವ ಮೊದಲು ಲೆಕ್ಕ ಹಾಕಿರಿ: ಕಾಲೇಜಿನ ಬೋಧನಾ ಶುಲ್ಕವು ಅಲ್ಪಸಂಖ್ಯಾತರ ಯೋಜನೆಯ ಮಿತಿಯ ಎರಡು ಪಟ್ಟಿಗಿಂತ ಹೆಚ್ಚಾಗಿದ್ದರೆ ಶಾಹು ಯೋಜನೆಯೇ ಲಾಭದಾಯಕ. ಇದಲ್ಲದೆ, 2024-25ರಿಂದ ಆರ್ಥಿಕವಾಗಿ ದುರ್ಬಲ ವರ್ಗ, ಎಸ್‌ಇಬಿಸಿ (ಸಾಮಾಜಿಕ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗ) ಮತ್ತು ಒಬಿಸಿ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳಲ್ಲಿ ಬೋಧನಾ ಮತ್ತು ಪರೀಕ್ಷಾ ಶುಲ್ಕದ ಪೂರ್ಣ ವಿನಾಯಿತಿ ಇದೆ. ಮಗಳು ಈ ವರ್ಗಗಳಲ್ಲಿ ಒಂದಕ್ಕೆ ಸೇರುತ್ತಾಳೆಯೇ ಎಂಬುದನ್ನು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಎಲ್ಲಕ್ಕಿಂತ ಮೊದಲು ವಿಚಾರಿಸಿರಿ. ಪ್ರವೇಶವು ಸರಕಾರದ ಕೇಂದ್ರೀಕೃತ ಪ್ರಕ್ರಿಯೆ, ಅಂದರೆ ಕ್ಯಾಪ್ ಮೂಲಕ ಆಗಿರಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಈ ಶುಲ್ಕ ನೆರವು ಇಲ್ಲ. ಆದುದರಿಂದ ಅಲಾಟ್‌ಮೆಂಟ್ ಪತ್ರವನ್ನು ಜೋಪಾನವಾಗಿಡಿ.

ತಹಸೀಲ್ದಾರರ ಆದಾಯ ದಾಖಲೆ, ಮಹಾರಾಷ್ಟ್ರದ ಡೊಮಿಸೈಲ್ (ನಿವಾಸಿ) ಪ್ರಮಾಣಪತ್ರ ಇವೆರಡಕ್ಕೂ ಸರಕಾರಿ ದಾಖಲೆಗಳ ಅರ್ಜಿ ಸ್ವೀಕರಿಸುವ ಸೇತು ಕೇಂದ್ರದಲ್ಲಿ ಈಗಲೇ ಅರ್ಜಿ ಕೊಡಿ. ಹಣವು ಮಗಳ ಆಧಾರ್‌ಗೆ ಸೀಡ್ ಆಗಿರುವ, ಅಂದರೆ ನೇರ ಜಮೆಗಾಗಿ ಜೋಡಿಸಲಾದ, ಬ್ಯಾಂಕ್ ಖಾತೆಗೇ ಜಮೆಯಾಗುತ್ತದೆ, ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಶಾಲೆಯಲ್ಲಿದ್ದಾಗ ತೆರೆದು ಮರೆತುಬಿಟ್ಟ ಖಾತೆಗೆ ಸೀಡಿಂಗ್ ಇದ್ದು, ಆ ಖಾತೆ ನಿಷ್ಕ್ರಿಯವಾಗಿದ್ದರೆ ಮಂಜೂರಾದ ಹಣವೂ ಕೈಸೇರುವುದಿಲ್ಲ. ಬ್ಯಾಂಕಿಗೆ ಒಮ್ಮೆ ಹೋಗಿ ಖಚಿತಪಡಿಸಿಕೊಳ್ಳಿರಿ.

ಕೇಂದ್ರದ ಯೋಜನೆಗಳ ಹಳೆಯ ಪಟ್ಟಿಗಳು ವಾಟ್ಸಾಪ್‌ನಲ್ಲಿ ಇಂದಿಗೂ ಓಡಾಡುತ್ತಿವೆ. ಅವನ್ನು ನಂಬಿ ಕೂರಬೇಡಿ. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಮತ್ತು ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೋ ಪರದೇಶ್’ 2022-23ರಿಂದ ನಿಂತಿವೆ. ಉಳಿದವುಗಳ ಅರ್ಜಿ ಈ ವರ್ಷ ತೆರೆದಿದೆಯೇ ಎಂಬುದನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿಯೇ ನೋಡಿರಿ. ‘ಅರಿವು’ ಸಾಲವು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಮಹಾರಾಷ್ಟ್ರದ ಡೊಮಿಸೈಲ್ ಆಧರಿಸಿ ಇಲ್ಲಿ ಶುಲ್ಕ ನೆರವು ಕೇಳುವವರು ಅಲ್ಲಿಯ ಸಾಲಕ್ಕೂ ಅರ್ಜಿ ಹಾಕುವುದು ಸಲ್ಲದು.

ಕೊನೆಯದಾಗಿ, ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಮುಂಬಯಿಯ ನಮ್ಮ ಸಮುದಾಯ ಸಂಸ್ಥೆಗಳು ವಿದ್ಯಾರ್ಥಿಗಳಿಗೆ ಸಹಾಯಧನ ನೀಡುತ್ತ ಬಂದಿವೆ. ನಿಮ್ಮ ಸಮಾಜದ ಸಂಘದಲ್ಲಿಯೂ ಅಂತಹ ನಿಧಿ ಇದೆಯೇ ಎಂದು ಪದಾಧಿಕಾರಿಗಳನ್ನು ಸಂಕೋಚವಿಲ್ಲದೆ ಕೇಳಿರಿ, ಹೋಗುವಾಗ ಅಂಕಪಟ್ಟಿ ಮತ್ತು ಶುಲ್ಕದ ರಸೀದಿಯ ಪ್ರತಿಗಳನ್ನು ಜೊತೆಗಿರಿಸಿಕೊಳ್ಳಿರಿ.