ಕಾಲಿನ ಊತಕ್ಕೆ ಕಾರಣ ಕರುಳಿನಲ್ಲಿರಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಒಂದೂವರೆ ವರ್ಷದಿಂದ ಎರಡೂ ಕಾಲುಗಳು ಊದಿಕೊಂಡಿವೆ, ಆಗಾಗ ಕೈಬೆರಳುಗಳು ಸೆಟೆದುಕೊಳ್ಳುತ್ತವೆ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಡೆಸಿಲೀಟರ್‌ಗೆ 1.9 ಗ್ರಾಂ ಮಾತ್ರ ಇದೆ, ಆದರೆ ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳು ಸರಿಯಾಗಿವೆ. ಎಂಡೋಸ್ಕೋಪಿಯಲ್ಲಿ ಸಣ್ಣಕರುಳಿನ ಒಳಗೆ ಬಿಳಿ ಚುಕ್ಕೆಗಳು ಕಂಡಿದ್ದು, ‘ಇಂಟೆಸ್ಟೈನಲ್ ಲಿಂಫಾಂಜಿಯೆಕ್ಟೇಸಿಯಾ’ ಇರಬಹುದೆಂದು ವೈದ್ಯರು ಹೇಳಿದ್ದಾರೆ. ಹೊಟ್ಟೆನೋವು, ಭೇದಿ ಏನೂ ಇಲ್ಲದವನಿಗೆ ಕರುಳಿನ ಕಾಯಿಲೆ ಬರಲು ಸಾಧ್ಯವೇ? ಬಂದಿದ್ದರೆ ಮನೆಯ ತೆಂಗಿನೆಣ್ಣೆಯನ್ನೇ ಔಷಧಿಯಂತೆ ಕೊಡಬಹುದೇ?
– ಓದುಗರು, ಹಾಸನ

ಉತ್ತರ: ಸಾಧ್ಯ. ಭೇದಿ ಇಲ್ಲವೆಂಬ ಕಾರಣಕ್ಕೆ ಕರುಳನ್ನು ಮರೆಯುವುದರಿಂದಲೇ ಈ ಕಾಯಿಲೆಯ ಪತ್ತೆ ಎಷ್ಟೋ ಸಲ ತಡವಾಗುತ್ತದೆ. ನಾವು ತಿಂದ ಕೊಬ್ಬನ್ನು ಹೊತ್ತೊಯ್ಯುವ ದುಗ್ಧನಾಳಗಳು ಸಣ್ಣಕರುಳಿನ ಗೋಡೆಯಲ್ಲಿರುತ್ತವೆ. ಅವು ಹಿಗ್ಗಿ ಒಡೆದಾಗ ಅವುಗಳಲ್ಲಿ ಹರಿಯುವ ದುಗ್ಧರಸವು (ಲಿಂಫ್) ಕರುಳಿನೊಳಕ್ಕೆ ಸೋರಿ, ಅದರೊಂದಿಗೆ ಅಲ್ಬುಮಿನ್, ರೋಗನಿರೋಧಕ ಗ್ಲಾಬ್ಯುಲಿನ್‌ಗಳು ಮತ್ತು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ನಷ್ಟವಾಗುತ್ತವೆ. ಅಲ್ಬುಮಿನ್ ಇಳಿದಾಗ ನೀರು ರಕ್ತನಾಳಗಳಿಂದ ಹೊರಬಂದು ಕಾಲಿನಲ್ಲಿ ನಿಲ್ಲುತ್ತದೆ. ಬೆರಳು ಸೆಟೆದುಕೊಳ್ಳಲು ಕೊಬ್ಬಿನೊಡನೆ ಹೀರಲ್ಪಡಬೇಕಾದ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂಗಳ ಕೊರತೆ ಕಾರಣವಾಗಿರಬಹುದು. ಅಲ್ಬುಮಿನ್ ಕಡಿಮೆಯಿದ್ದಾಗ ರಕ್ತದ ಒಟ್ಟು ಕ್ಯಾಲ್ಸಿಯಂ ತಾನಾಗಿಯೇ ಕಡಿಮೆ ತೋರುವುದರಿಂದ, ಅಯಾನಿಕ ಕ್ಯಾಲ್ಸಿಯಂ (ಪ್ರೋಟೀನ್‌ಗೆ ಅಂಟಿಕೊಳ್ಳದೆ ಮುಕ್ತವಾಗಿರುವ ಕ್ಯಾಲ್ಸಿಯಂ) ಮತ್ತು ಮೆಗ್ನೀಷಿಯಂ ಎರಡನ್ನೂ ಬೇಗನೆ ಪರೀಕ್ಷಿಸಿ, ಇದನ್ನು ಮುಂದೂಡಬೇಡಿ.

ಹಳೆಯ ವರದಿಗಳಲ್ಲೇ ಒಂದಷ್ಟು ಸುಳಿವುಗಳಿರುತ್ತವೆ. ಯಕೃತ್ತು ಕೆಟ್ಟಾಗ ಅಲ್ಬುಮಿನ್ ಇಳಿದರೂ ಗ್ಲಾಬ್ಯುಲಿನ್ ಸಾಮಾನ್ಯವಾಗಿ ಏರಿರುತ್ತದೆ, ಕರುಳಿನ ಸೋರಿಕೆಯಲ್ಲಿ ಎರಡೂ ಇಳಿಯುತ್ತವೆ. ಇದರ ಜೊತೆಗೆ ಲಿಂಫೋಸೈಟ್‌ಗಳೂ ಕಡಿಮೆಯಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಸೋರಿಕೆಯನ್ನು ಖಚಿತಪಡಿಸಲು 24 ಗಂಟೆಗಳ ಮಲ ಮತ್ತು ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ, ಕರುಳಿನಲ್ಲಿ ಸುಲಭವಾಗಿ ಜೀರ್ಣವಾಗದ ರಕ್ತದ ಪ್ರೋಟೀನನ್ನು ಅಳೆಯುತ್ತಾರೆ.

ಬಿಳಿ ಚುಕ್ಕೆಗಳಷ್ಟನ್ನೇ ನಂಬಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ, ಏಕೆಂದರೆ ಆರೋಗ್ಯವಂತರಲ್ಲೂ ಅವು ಅಲ್ಲಲ್ಲಿ ಕಾಣುವುದುಂಟು. ಬಯಾಪ್ಸಿಯಲ್ಲಿ ಹಿಗ್ಗಿದ ದುಗ್ಧನಾಳಗಳು ಕಾಣಬೇಕು. ದೋಷವು ಕರುಳಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಇರಬಹುದಾದ್ದರಿಂದ, ಒಂದು ತುಣುಕು ಸರಿಯಿದ್ದ ಮಾತ್ರಕ್ಕೆ ಕಾಯಿಲೆಯಿಲ್ಲ ಎನ್ನಲಾಗದು, ಕೆಲವರಿಗೆ ಕ್ಯಾಪ್ಸೂಲ್ ಎಂಡೋಸ್ಕೋಪಿ (ನುಂಗುವ ಮಾತ್ರೆಯಂಥ ಪುಟ್ಟ ಕ್ಯಾಮೆರಾದ ಪರೀಕ್ಷೆ) ಬೇಕಾಗುತ್ತದೆ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ, ಮತ್ತು ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. 1961ರಲ್ಲಿ ಥಾಮಸ್ ವಾಲ್ಡ್‌ಮನ್ ಮತ್ತು ಸಂಗಡಿಗರು ವಿವರಿಸಿದ ಮೂಲ ರೂಪದ ಕಾಯಿಲೆ, ಅಂದರೆ ಬೇರೆ ಕಾಯಿಲೆಯಿಂದಲ್ಲದೆ ದುಗ್ಧನಾಳಗಳದೇ ದೋಷದಿಂದ ಬರುವುದು, ಅಪರೂಪದ್ದು, ಹೆಚ್ಚಾಗಿ ಬಾಲ್ಯದಲ್ಲೇ ಗೊತ್ತಾಗುವಂಥದ್ದು. ಬೇರೆ ಕಾಯಿಲೆಯೊಂದು ದುಗ್ಧದ ಹರಿವನ್ನು ತಡೆದಾಗಲೂ ನಾಳಗಳು ಇದೇ ರೀತಿ ಹಿಗ್ಗುತ್ತವೆ. ಹೃದಯದ ಹೊರಪೊರೆ ಗಟ್ಟಿಯಾಗಿ ಹೃದಯವನ್ನು ಅದುಮುವ ಕಾಯಿಲೆ, ಹೊಟ್ಟೆಯ ಕ್ಷಯ, ಲಿಂಫೋಮಾ (ಲಿಂಫೋಸೈಟ್‌ಗಳ ಕ್ಯಾನ್ಸರ್) ಇವು ಅಂಥವು. ಹೊರಪೊರೆಯ ಕಾಯಿಲೆಗೆ ನಮ್ಮ ದೇಶದಲ್ಲಿ ಕ್ಷಯವೇ ಮುಖ್ಯ ಕಾರಣ. ಆ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಕರುಳಿನ ಸೋರಿಕೆಯೂ ನಿಲ್ಲಬಹುದು. ಆದ್ದರಿಂದ ಹೃದಯದ ಎಕೋ ಮತ್ತು ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಆಗದಿದ್ದರೆ ದಯವಿಟ್ಟು ಕೇಳಿ ಮಾಡಿಸಿ. ಗುಣವಾಗುವ ಕಾರಣವೊಂದನ್ನು ಕಾಣದೆ, ಜೀವನಪರ್ಯಂತದ ಪಥ್ಯಕ್ಕೆ ಯುವಕನೊಬ್ಬನನ್ನು ಒಪ್ಪಿಸುವುದು ದೊಡ್ಡ ಅನ್ಯಾಯ.

ಮೂಲ ರೂಪದ ಕಾಯಿಲೆಯೆಂದೇ ತೀರ್ಮಾನವಾದರೆ, ಕೊಬ್ಬು ಕಡಿಮೆ ಮತ್ತು ಪ್ರೋಟೀನ್ ಹೆಚ್ಚಿರುವ ಆಹಾರವೇ ಚಿಕಿತ್ಸೆಯ ಬುನಾದಿ. ಎಂ.ಸಿ.ಟಿ. (ಮಧ್ಯಮ ಸರಪಳಿಯ ಕೊಬ್ಬಿನ) ಎಣ್ಣೆಯ ಕೊಬ್ಬು ದುಗ್ಧನಾಳಗಳನ್ನು ಬಳಸದೆ ನೇರವಾಗಿ ರಕ್ತದ ಮೂಲಕ ಯಕೃತ್ತಿಗೆ ಹೋಗುವುದರಿಂದ ಅದನ್ನು ಕೊಡುತ್ತಾರೆ. ತೆಂಗಿನೆಣ್ಣೆ ಅದಕ್ಕೆ ಬದಲಿಯಲ್ಲ: ಅದರಲ್ಲಿ ಸುಮಾರು ಅರ್ಧ ಪಾಲು ಲಾರಿಕ್ ಆಮ್ಲವೆಂಬ ಕೊಬ್ಬಿನಾಮ್ಲವಿದ್ದು, ಅದರ ಗಣನೀಯ ಭಾಗ ದುಗ್ಧನಾಳಗಳ ಮೂಲಕವೇ ಸಾಗುತ್ತದೆ. ತೆಂಗಿನಕಾಯಿ ತುರಿಗೂ ಇದೇ ಮಾತು ಅನ್ವಯಿಸುತ್ತದೆ. ಎಂ.ಸಿ.ಟಿ. ಪ್ರಮಾಣವನ್ನೂ, ಜೊತೆಗೆ ಬೇಕಾಗುವ ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ಆಹಾರತಜ್ಞರು ಮತ್ತು ವೈದ್ಯರು ಸೇರಿ ನಿರ್ಧರಿಸಬೇಕು. ನರಕ್ಕೆ ಹಾಕುವ ಅಲ್ಬುಮಿನ್ ಊತವನ್ನು ಕೆಲದಿನ ಇಳಿಸುತ್ತದೆ, ಆದರೆ ಸೋರಿಕೆ ಇರುವವರೆಗೆ ಅದೂ ಕರುಳಿಗೇ ಹೋಗುತ್ತದೆ.